ರೆಕಾರ್ಡಿನ ಕಪಾಟು ಮತ್ತು ರಸಿಕತೆಯ ತೀರ್ಪು

ಒಬ್ಬರ ಕಪಾಟಿನಲ್ಲಿರುವ ರಾಕ್ ಆಲ್ಬಮ್ಮುಗಳ ಸಾಲನ್ನು ನೋಡಿ ಅವರ ಸಂಗೀತದ ಅಭಿರುಚಿ ಎಂಥದ್ದೆಂದು ತೀರ್ಮಾನಿಸುವ ರೂಢಿ ಬೇರುಬಿಟ್ಟದ್ದು 1960ರ ದಶಕದ ಕೊನೆಯ ಹೊತ್ತಿಗೆ, ಅಮೆರಿಕ ಮತ್ತು ಬ್ರಿಟನ್ನಿನ ಯುವಜನರ ನಡುವೆ. ಈ ತೀರ್ಪಿಗೆ ಆಧಾರ ಕೊಂಡ ವಸ್ತು. ಕೇಳಿದ ಸಂಗೀತ ಅದರ ಹಿಂದೆ ಇದೆ ಎಂಬುದು ನಂಬಿಕೆ ಮಾತ್ರ. ಕೊಂಡವರೆಲ್ಲ ಕೇಳಿರುತ್ತಾರೆ, ಕೇಳಿದವರೆಲ್ಲ ಮೆಚ್ಚಿರುತ್ತಾರೆ ಎಂಬ ಆ ನಂಬಿಕೆ ಹೇಗೆ ಗಟ್ಟಿಯಾಯಿತು ಎಂದು ತಿಳಿಯಬೇಕಾದರೆ ರಾಕ್ ಹುಟ್ಟುವುದಕ್ಕೂ ಹಿಂದಕ್ಕೆ, ತಟ್ಟೆಗಳ ಕಾಲಕ್ಕೆ ಹೋಗಬೇಕು.

20ನೇ ಶತಮಾನದ ಮೊದಲರ್ಧದಲ್ಲಿ ಗ್ರಾಮಫೋನಿನ ಮೇಲೆ ತಿರುಗುತ್ತಿದ್ದುದು ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆ. ಒಂದು ಬದಿಗೆ ಮೂರು ನಾಲ್ಕು ನಿಮಿಷದ ಹಾಡು. ಕೈ ಜಾರಿದರೆ ಚೂರು. 1948ರ ಜೂನ್‌ನಲ್ಲಿ ಕೊಲಂಬಿಯಾ ಕಂಪನಿ ನ್ಯೂಯಾರ್ಕಿನಲ್ಲಿ ಬಿಡುಗಡೆ ಮಾಡಿದ ವಿನೈಲ್ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತ ಒಂದು ಬದಿಯಲ್ಲೇ 20 ನಿಮಿಷಕ್ಕೂ ಹೆಚ್ಚು ಸಂಗೀತವನ್ನು ಹಿಡಿದಿಟ್ಟಿತು. ಮರುವರ್ಷವೇ ಆರ್‌ಸಿಎ ವಿಕ್ಟರ್ 45 ಸುತ್ತಿನ ಏಳಂಗುಲದ ಪುಟ್ಟ ತಟ್ಟೆಯನ್ನು ತಂದಿತು. ಕೊಳ್ಳುವವರೂ ಬೇರೆ ಬೇರೆಯಾದರು. ದುಡಿಮೆಯುಳ್ಳ ದೊಡ್ಡವರು ಶಾಸ್ತ್ರೀಯ ಸಂಗೀತ, ಬ್ರಾಡ್‌ವೇ ನಾಟಕದ ಹಾಡು, ಜಾಝ್ ಎಂದು ಎಲ್‌ಪಿ ಕೊಂಡರೆ ಹದಿಹರೆಯದವರ ಕಿಸೆಗೆ ನಿಲುಕುತ್ತಿದ್ದುದು 45ರ ತಟ್ಟೆ. ಎಲ್ವಿಸ್ ಪ್ರೀಸ್ಲಿಯಂಥವರ ರಾಕ್ ಅಂಡ್ ರೋಲ್ ಹರಡಿದ್ದು ಮುಖ್ಯವಾಗಿ ಹೀಗೆ, ಒಂದೊಂದೇ ಹಾಡಾಗಿ. ಸಾಮಾನ್ಯವಾಗಿ ಸಾದಾ ಕಾಗದದ ಚೀಲದಲ್ಲಿ ಬರುತ್ತಿದ್ದ ಆ ತಟ್ಟೆಗಳನ್ನು ಡಬ್ಬದಲ್ಲಿ ಪೇರಿಸಿಡುತ್ತಿದ್ದರೇ ಹೊರತು ನೆಂಟರಿಷ್ಟರಿಗೆ ಕಾಣುವಂತೆ ಜೋಡಿಸುತ್ತಿರಲಿಲ್ಲ.

ಜೋಡಿಸಿಡುವ ಆಸೆ ಹುಟ್ಟಿಸಿದ್ದು ಎಲ್‌ಪಿಯ ರಟ್ಟಿನ ಹೊದಿಕೆ. ಕೊಲಂಬಿಯಾದಲ್ಲಿ ಕೆಲಸಕ್ಕಿದ್ದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಯುವ ಕಲಾವಿದ 1940ರ ಸುಮಾರಿಗೇ, 78ರ ತಟ್ಟೆಗಳ ಕಟ್ಟಿಗೆ ಬಣ್ಣದ ಚಿತ್ರ ಬರೆಯುವ ಪದ್ಧತಿ ಆರಂಭಿಸಿದ್ದ. ಎಲ್‌ಪಿ ಬಂದಮೇಲೆ ಆ ಚಿತ್ರಕ್ಕೆ ಹನ್ನೆರಡಂಗುಲದ ಚೌಕ ಸಿಕ್ಕಿತು. ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಅಂಚಿನಲ್ಲಿ ಹೆಸರು ಓದಬಹುದು, ಹೊರಗೆಳೆದರೆ ಚಿತ್ರ ನೋಡಬಹುದು, ತಿರುಗಿಸಿದರೆ ಹಾಡುಗಳ ಪಟ್ಟಿಯೂ ಟಿಪ್ಪಣಿಯೂ ಕಾಣುತ್ತವೆ. ಸಂಗೀತವನ್ನು ಕೇಳದೆಯೇ ಅದರ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳಲು ಇಷ್ಟು ಸಾಕಾಯಿತು.

ಅಭಿರುಚಿಯ ಮೇಲರಿಮೆಯೂ ರಾಕ್‌ಗಿಂತ ಹಳೆಯದು. 1950ರಲ್ಲೇ ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ರೀಸ್‌ಮನ್ ಜನಪ್ರಿಯ ಸಂಗೀತ ಕೇಳುವ ಯುವಜನರಲ್ಲಿ ಎರಡು ಬಗೆಯನ್ನು ಗುರುತಿಸಿದ. ರೇಡಿಯೋದಲ್ಲಿ ಬಂದದ್ದನ್ನು ಒಪ್ಪಿಕೊಳ್ಳುವ ಬಹುಸಂಖ್ಯಾತರು ಒಂದು ಕಡೆ. ಹೆಸರು ಕೇಳಿರದ ಜಾಝ್ ತಂಡಗಳನ್ನು ಹುಡುಕಿಕೊಂಡು ಹೋಗುವ, ತಮ್ಮ ಮೆಚ್ಚಿನ ತಂಡ ಎಲ್ಲರಿಗೂ ಪ್ರಿಯವಾದೊಡನೆ ಬೇಸರಗೊಳ್ಳುವ ಅಲ್ಪಸಂಖ್ಯಾತರು ಇನ್ನೊಂದು ಕಡೆ. ಮುಂದೆ ರಾಕ್ ಕೇಳುಗರಲ್ಲಿ ಬೆಳೆದ ಸಂಗ್ರಾಹಕನ ಸ್ವಭಾವವೆಲ್ಲ ಇಲ್ಲಿಯೇ ಇದೆ.

ರಾಕ್ ಸಂಗೀತಗಾರರು ಆಲ್ಬಮ್ಮನ್ನು ಇಡಿಯ ಕೃತಿಯೆಂದು ಕಾಣತೊಡಗಿದ್ದು 1965ರಿಂದ ಈಚೆಗೆ. ಬಾಬ್ ಡಿಲನ್‌ನ ಹಾಡುಗಳು ಸಾಹಿತ್ಯದಂತೆ ಚರ್ಚೆಯಾಗುತ್ತಿದ್ದವು. 1965ರ ಡಿಸೆಂಬರ್‌ನಲ್ಲಿ ಬೀಟಲ್ಸ್‌ನ ‘ರಬ್ಬರ್ ಸೋಲ್’ ಬಂತು. ಅದನ್ನು ಕೇಳಿ ಹುರುಪುಗೊಂಡ ಬೀಚ್ ಬಾಯ್ಸ್ ತಂಡದ ಬ್ರಯನ್ ವಿಲ್ಸನ್ 1966ರಲ್ಲಿ ‘ಪೆಟ್ ಸೌಂಡ್ಸ್’ ರಚಿಸಿದ. ಅದರ ಪ್ರೇರಣೆ 1967ರ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ಗೆ ಸಂದಿತು. ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್ ರೂಪಿಸಿದ ‘ಪೆಪ್ಪರ್’ ಹೊದಿಕೆಯ ಮುಂಭಾಗದಲ್ಲಿ ಲೇಖಕರು, ನಟರು, ಚಿಂತಕರ ಜಾತ್ರೆಯೇ ನೆರೆದಿದೆ. ಜಾರ್ಜ್ ಹ್ಯಾರಿಸನ್ ಸೂಚಿಸಿದ ಪರಮಹಂಸ ಯೋಗಾನಂದರೂ ಅವರ ಗುರುಪರಂಪರೆಯ ಮೂವರೂ ಅಲ್ಲಿದ್ದಾರೆ. ಗಾಂಧೀಜಿಯ ಚಿತ್ರವೂ ಇತ್ತು. ಭಾರತದಲ್ಲಿ ವಿರೋಧ ಬಂದೀತೆಂದು ಇಎಂಐ ಕಂಪನಿ ತೆಗೆಸಿತು. ಹಿಂಬದಿಯಲ್ಲಿ ಎಲ್ಲ ಹಾಡುಗಳ ಸಾಹಿತ್ಯ ಅಚ್ಚಾಗಿತ್ತು. ಹೀಗೆ ಓದಲು, ಗುರುತಿಸಲು, ವಾದಿಸಲು ಇಷ್ಟೆಲ್ಲ ಇದ್ದ ತಟ್ಟೆಯನ್ನು ಇಟ್ಟುಕೊಂಡವರು ವಿಚಾರವಂತರು ಎಂಬ ಭಾವನೆ ಸಹಜವಾಗಿಯೇ ಬೆಳೆಯಿತು.

ಭಾವನೆಯನ್ನು ಅಳತೆಗೋಲಾಗಿಸಿದವರು ವಿಮರ್ಶಕರು. 1966ರ ಫೆಬ್ರುವರಿಯಲ್ಲಿ ಪಾಲ್ ವಿಲಿಯಮ್ಸ್ ಎಂಬ 17 ವರ್ಷದ ಕಾಲೇಜು ವಿದ್ಯಾರ್ಥಿ ‘ಕ್ರಾಡ್ಯಾಡಿ’ ಪತ್ರಿಕೆ ಆರಂಭಿಸಿದ. 1967ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ‘ರೋಲಿಂಗ್ ಸ್ಟೋನ್’ ಹೊರಬಂತು. ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ವಾರಪತ್ರಿಕೆಯಲ್ಲಿ ರಾಬರ್ಟ್ ಕ್ರಿಸ್ಟ್‌ಗೌ 1969ರಿಂದ ಒಂದೊಂದು ಆಲ್ಬಮ್ಮಿಗೂ ಶಾಲೆಯ ಉತ್ತರಪತ್ರಿಕೆಗೆ ಕೊಡುವಂತೆ ಅಕ್ಷರದ ಶ್ರೇಣಿ ಕೊಡತೊಡಗಿದರು. 1979ರ ‘ರೋಲಿಂಗ್ ಸ್ಟೋನ್ ರೆಕಾರ್ಡ್ ಗೈಡ್’ ನಕ್ಷತ್ರಗಳ ಲೆಕ್ಕದಲ್ಲಿ ಸಾವಿರಾರು ಆಲ್ಬಮ್ಮುಗಳನ್ನು ತೂಗಿತು. ಅದಕ್ಕೂ ಮುನ್ನ, 1978ರಲ್ಲಿ, ಪಾಲ್ ಗ್ಯಾಂಬಾಚಿನಿ ಹಲವು ವಿಮರ್ಶಕರ ಆಯ್ಕೆಗಳನ್ನು ಕಲೆಹಾಕಿ 200 ಶ್ರೇಷ್ಠ ಆಲ್ಬಮ್ಮುಗಳ ಪುಸ್ತಕ ಪ್ರಕಟಿಸಿದ್ದ. ಮೊದಲ ಸ್ಥಾನ ‘ಪೆಪ್ಪರ್’ಗೆ. ಅಂದಮೇಲೆ ಕಪಾಟಿನಲ್ಲಿ ಏನಿರಬೇಕು, ಏನಿರಬಾರದು ಎಂಬುದಕ್ಕೆ ಅಚ್ಚಾದ ಪ್ರಮಾಣವೇ ಸಿಕ್ಕಂತಾಯಿತು.

1970ರ ದಶಕದಲ್ಲಿ ಕಪಾಟಿನ ಓದು ಸೂಕ್ಷ್ಮವಾಯಿತು. ಪೀಟರ್ ಫ್ರ್ಯಾಂಪ್ಟನ್‌ನ ‘ಫ್ರ್ಯಾಂಪ್ಟನ್ ಕಮ್ಸ್ ಅಲೈವ್’, ಫ್ಲೀಟ್‌ವುಡ್ ಮ್ಯಾಕ್‌ನ ‘ರೂಮರ್ಸ್’, ಈಗಲ್ಸ್ ತಂಡದ ಜನಪ್ರಿಯ ಹಾಡುಗಳ ಸಂಕಲನ ಎಷ್ಟೋ ಮನೆಗಳಲ್ಲಿದ್ದವು. ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರವರೆಗೆ ಒಟ್ಟು 741 ವಾರ ಇತ್ತು. ಇಂಥವು ಇದ್ದರೆ ಮನೆಯವರ ಬಗ್ಗೆ ಹೊಸದೇನೂ ತಿಳಿಯದು. ಬದಲಿಗೆ 1967ರಲ್ಲಿ ಆ್ಯಂಡಿ ವಾರ್ಹಾಲ್‌ನ ಬಾಳೆಹಣ್ಣಿನ ಚಿತ್ರ ಹೊತ್ತು ಬಂದು ಹೆಚ್ಚೇನೂ ಮಾರಾಟವಾಗದ ವೆಲ್ವೆಟ್ ಅಂಡರ್‌ಗ್ರೌಂಡ್ ಆಲ್ಬಮ್ ಕಂಡರೆ ನೋಡುವವರ ಹುಬ್ಬೇರುತ್ತಿತ್ತು. ಅದನ್ನು ಕೊಂಡ ಕೆಲವೇ ಜನರೆಲ್ಲ ಒಂದೊಂದು ತಂಡ ಕಟ್ಟಿದರೆಂದು ಸಂಗೀತಗಾರ ಬ್ರಯನ್ ಈನೋ ಮುಂದೆ ಹೇಳಿದ ಮಾತು ಸಂಗ್ರಾಹಕರ ಬಾಯಲ್ಲಿ ಗಾದೆಯಂತೆ ಉಳಿದಿದೆ. ಡಿಲನ್‌ನ ಬಿಡುಗಡೆಯಾಗದ ಹಾಡುಗಳನ್ನು ಕದ್ದು ಅಚ್ಚು ಹಾಕಿದ, ಬಿಳಿ ಹೊದಿಕೆಯ 1969ರ ‘ಗ್ರೇಟ್ ವೈಟ್ ವಂಡರ್’ನಂಥ ಕಳ್ಳ ತಟ್ಟೆಗಳಿಗೆ ಇನ್ನೂ ಹೆಚ್ಚಿನ ಮಾನ. ಸಿಗುವುದು ಕಷ್ಟವಾದಷ್ಟೂ ಇಟ್ಟುಕೊಂಡವರ ಬೆಲೆ ಏರುತ್ತಿತ್ತು. ಹಾಡು ಚೆನ್ನಾಗಿದೆಯೇ ಎಂಬ ಪ್ರಶ್ನೆ ಹಿಂದೆ ಸರಿದದ್ದು ಈ ಹಂತದಲ್ಲಿ. ರೂಢಿಯ ದೊಡ್ಡ ನಷ್ಟವೂ ಇದೇ.

ಪಂಕ್ ಬಂದಾಗ ಅಳತೆಗೋಲೇ ತಲೆಕೆಳಗಾಯಿತು. ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡ ಸೇರುವ ಮುನ್ನ ಗಾಯಕ ಜಾನ್ ಲೈಡನ್ ಪಿಂಕ್ ಫ್ಲಾಯ್ಡ್ ತಂಡದ ಟೀ ಶರ್ಟಿನ ಮೇಲೆ ಆ ತಂಡವನ್ನು ದ್ವೇಷಿಸುವುದಾಗಿ ಬರೆದುಕೊಂಡು ಓಡಾಡುತ್ತಿದ್ದ. ನಿನ್ನೆಯವರೆಗೆ ಹೆಮ್ಮೆಯಿಂದ ಮುಂದಿಟ್ಟಿದ್ದ ಉದ್ದುದ್ದದ ಪ್ರೊಗ್ರೆಸಿವ್ ರಾಕ್ ಆಲ್ಬಮ್ಮುಗಳು ಹೊಸಬರ ಕಣ್ಣಿಗೆ ಮುಜುಗರದ ವಸ್ತುಗಳಾದವು.

ತೀರ್ಪು ಹಗೆಯಾಗಿ ತಿರುಗಿದ್ದೂ ಉಂಟು. 1979ರ ಜುಲೈ 12ರಂದು ಷಿಕಾಗೋದ ಕಮಿಸ್ಕಿ ಪಾರ್ಕಿನಲ್ಲಿ ಎರಡು ಬೇಸ್‌ಬಾಲ್ ಪಂದ್ಯಗಳ ನಡುವೆ, ರಾಕ್ ರೇಡಿಯೋ ನಿರೂಪಕ ಸ್ಟೀವ್ ಡಾಲ್ ಪ್ರೇಕ್ಷಕರು ತಂದ ಡಿಸ್ಕೋ ತಟ್ಟೆಗಳನ್ನು ಪೆಟ್ಟಿಗೆಗೆ ತುಂಬಿಸಿ ಸಿಡಿಸಿದ. ಡಿಸ್ಕೋ ತಟ್ಟೆಯೊಂದನ್ನು ತಂದವರಿಗೆ ಪ್ರವೇಶ ಕೇವಲ 98 ಸೆಂಟ್. ಜನ ಮೈದಾನಕ್ಕೆ ನುಗ್ಗಿ ಎರಡನೆಯ ಪಂದ್ಯವೇ ನಡೆಯಲಿಲ್ಲ. ಜನ ತಂದ ರಾಶಿಯಲ್ಲಿ ಡಿಸ್ಕೋಗೆ ಸಂಬಂಧವೇ ಇಲ್ಲದ ಕಪ್ಪು ಕಲಾವಿದರ ತಟ್ಟೆಗಳೂ ಇದ್ದವೆಂದು ಅಂದು ಅಲ್ಲಿ ಕೆಲಸಕ್ಕಿದ್ದ, ಮುಂದೆ ಹೌಸ್ ಸಂಗೀತಗಾರನಾದ ವಿನ್ಸ್ ಲಾರೆನ್ಸ್ ನೆನಪಿಸಿಕೊಂಡಿದ್ದಾನೆ.

ರಾಕ್ ಕಡೆಗೇ ವಾಲಿ ಉಳಿದವರನ್ನು ಹಿಂದಿಡುವ ಈ ಒಲವು ಶ್ರೇಷ್ಠ ಆಲ್ಬಮ್ಮುಗಳ ಪಟ್ಟಿಗಳಲ್ಲೂ ಬಹುಕಾಲ ಉಳಿಯಿತು. ‘ರೋಲಿಂಗ್ ಸ್ಟೋನ್’ 2003ರಲ್ಲಿ ಪ್ರಕಟಿಸಿದ 500ರ ಪಟ್ಟಿಯ ಮೊದಲ ಹತ್ತರಲ್ಲಿ ಬೀಟಲ್ಸ್‌ನ ನಾಲ್ಕು ಆಲ್ಬಮ್ಮುಗಳಿದ್ದವು, ಕಪ್ಪು ಕಲಾವಿದ ಮಾರ್ವಿನ್ ಗೇ ಒಬ್ಬನೇ, ಯಾವ ಗಾಯಕಿಯ ಆಲ್ಬಮ್ಮೂ ಇರಲಿಲ್ಲ. 2020ರಲ್ಲಿ ಬೇರೆಯೇ ತಲೆಮಾರಿನವರನ್ನೂ ಕೇಳಿ ಪಟ್ಟಿಯನ್ನು ಹೊಸದಾಗಿ ಮಾಡಿದಾಗ ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ಮೊದಲನೆಯದಾಯಿತು, ಜೋನಿ ಮಿಚೆಲ್‌ಳ ‘ಬ್ಲೂ’ ಮೂರಕ್ಕೇರಿತು, ‘ಪೆಪ್ಪರ್’ 24ಕ್ಕಿಳಿಯಿತು. ಎಲ್ಲರ ಮನೆಯಲ್ಲೂ ಇದ್ದ ‘ರೂಮರ್ಸ್’ ಏಳನೆಯದು. ತಟ್ಟೆಗಳ ಒಂದು ಸ್ವರವೂ ಬದಲಾಗಿರಲಿಲ್ಲ, ಬದಲಾದವರು ತೀರ್ಪುಗಾರರು.

ಅಭಿರುಚಿಯ ಮೇಲಿನ ಇಂಥ ತೀರ್ಪನ್ನು ಸಮಾಜಶಾಸ್ತ್ರ ಗಂಭೀರವಾಗಿ ತೆಗೆದುಕೊಂಡಿತು. ಫ್ರಾನ್ಸಿನ ಪಿಯರ್ ಬೂರ್ದ್ಯೂ 1979ರ ತನ್ನ ‘ಡಿಸ್ಟಿಂಕ್ಷನ್’ ಗ್ರಂಥದಲ್ಲಿ, ವರ್ಗವನ್ನು ಸಂಗೀತದ ಅಭಿರುಚಿಯಷ್ಟು ನಿಖರವಾಗಿ ಬಯಲಿಗಿಡುವಂಥದ್ದು ಮತ್ತೊಂದಿಲ್ಲ ಎಂದು ವಾದಿಸಿದ. 1996ರಲ್ಲಿ ಬೆಥನಿ ಬ್ರೈಸನ್ ಅಮೆರಿಕದ ಸಮೀಕ್ಷೆಯೊಂದನ್ನು ಪರಿಶೀಲಿಸಿ ಇನ್ನೊಂದು ಸಂಗತಿ ಕಂಡುಕೊಂಡಳು: ಹೆಚ್ಚು ಓದಿದವರು ಬಹುಪಾಲು ಎಲ್ಲ ಬಗೆಯ ಸಂಗೀತವನ್ನೂ ಒಪ್ಪುತ್ತಾರೆ, ಆದರೆ ಅವರು ಒಲ್ಲೆನ್ನುವ ಹೆವಿ ಮೆಟಲ್, ರ‍್ಯಾಪ್, ಕಂಟ್ರಿ, ಗಾಸ್ಪೆಲ್ ಮಾತ್ರ ಕಡಿಮೆ ಓದಿದವರು ಮೆಚ್ಚುವಂಥವು.

ಕಥೆಗಾರರು ಅದೇ ವಿಷಯಕ್ಕೆ ಮುಖ ಕೊಟ್ಟರು. 1982ರ ‘ಡೈನರ್’ ಚಿತ್ರದಲ್ಲಿ ತನ್ನ ರೆಕಾರ್ಡುಗಳನ್ನು ಹೆಂಡತಿ ತಪ್ಪು ಜಾಗದಲ್ಲಿಟ್ಟಳೆಂದು ಗಂಡ ಅವಳ ಮೇಲೆ ಹರಿಹಾಯುತ್ತಾನೆ. ಅವಳಿಗೆ ಹಾಡು ಇಷ್ಟ, ವಿಂಗಡಣೆ ಬೇಕಿಲ್ಲ. ನಿಕ್ ಹಾರ್ನ್‌ಬಿಯ 1995ರ ‘ಹೈ ಫಿಡೆಲಿಟಿ’ ಕಾದಂಬರಿ ಇನ್ನೂ ಆಳಕ್ಕಿಳಿಯುತ್ತದೆ. ಲಂಡನ್ನಿನ ರೆಕಾರ್ಡ್ ಅಂಗಡಿಯ ರಾಬ್ ದಂಪತಿಯೊಬ್ಬರ ಮನೆಗೆ ಊಟಕ್ಕೆ ಹೋಗಿ ಅವರನ್ನು ಮನಸಾರೆ ಮೆಚ್ಚುತ್ತಾನೆ. ಆಮೇಲೆ ಅವರ ರೆಕಾರ್ಡುಗಳನ್ನು ನೋಡುವಂತೆ ಗೆಳತಿ ಹೇಳಿದಾಗ ಅಲ್ಲಿರುವುದೆಲ್ಲ ಅವನ ದೃಷ್ಟಿಯಲ್ಲಿ ಕೀಳು. ಇಡೀ ರೂಢಿಯನ್ನು ಒರೆಗೆ ಹಚ್ಚಿದ ಇಷ್ಟು ಒಳ್ಳೆಯ ಸನ್ನಿವೇಶ ಬೇರೆ ಸಿಗುವುದು ಕಷ್ಟ.

ಕೇಳಿದ್ದಕ್ಕೂ ಇಟ್ಟುಕೊಂಡದ್ದಕ್ಕೂ ಇರುವ ಅಂತರವನ್ನು ಬಲ್ಲವರು ಹಳೆ ತಟ್ಟೆ ಕೊಳ್ಳುವ ವ್ಯಾಪಾರಿಗಳು. ಅವರು ಹೊದಿಕೆಗೆ ಮರುಳಾಗುವುದಿಲ್ಲ. ತಟ್ಟೆಯನ್ನು ಎರಡೂ ಅಂಗೈಗಳ ನಡುವೆ ಅಂಚಿನಲ್ಲಿ ಹಿಡಿದು ದೀಪದ ಬೆಳಕಿಗೆ ಓರೆ ಮಾಡುತ್ತಾರೆ. ಮತ್ತೆ ಮತ್ತೆ ಮುಳ್ಳು ಹರಿದ ಗೆರೆಗಳು ಹೊಳಪು ಕಳೆದು ಬೂದುಬಣ್ಣಕ್ಕೆ ತಿರುಗಿರುತ್ತವೆ. ಮೊದಲ ಬದಿ ಮಂಕಾಗಿ ಎರಡನೆಯ ಬದಿ ಫಳಫಳ ಹೊಳೆದರೆ ಆ ಬದಿ ತಿರುಗಿದ್ದೇ ಕಡಿಮೆ. ನಡುವಿನ ರಂಧ್ರದ ಸುತ್ತ, ಲೇಬಲ್ಲಿನ ಮೇಲೆ, ಪ್ಲೇಯರಿನ ಕಡ್ಡಿ ತಡಕಾಡಿದ ಸಣ್ಣ ಗೀರುಗಳೂ ಅದನ್ನೇ ಹೇಳುತ್ತವೆ. ಮೆಚ್ಚುಗೆಯ ನಿಜವಾದ ಗುರುತು ಇವೇ, ಆದರೆ ಕಪಾಟಿನ ಮುಂದೆ ನಿಂತವರಿಗೆ ಇವು ಕಾಣುವುದಿಲ್ಲ.

ಭಾರತದಲ್ಲಿ ಕಪಾಟು ಹೇಳುತ್ತಿದ್ದುದು ಇನ್ನೂ ಬೇರೆ. ಕೋಲ್ಕತ್ತದ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ ಗ್ರಾಮಫೋನ್ ಕಂಪನಿ ಬೀಟಲ್ಸ್ ತಟ್ಟೆಗಳನ್ನೂ ಅಚ್ಚು ಹಾಕುತ್ತಿತ್ತು. ಇಲ್ಲಿ ಅಚ್ಚಾಗದ ಆಲ್ಬಮ್ಮು ಬೇಕಾದರೆ ಹೊರದೇಶದಿಂದ ಬರುವವರ ಪೆಟ್ಟಿಗೆಯೇ ಗತಿ. ಉಳಿದವರಿಗೆ ಒಬ್ಬರಿಂದ ಒಬ್ಬರಿಗೆ ನಕಲಾದ ಕ್ಯಾಸೆಟ್ಟು. ಬೆಂಗಳೂರಿನ ಅರಮನೆ ಮೈದಾನಕ್ಕೆ 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ಹಾಡುಗಳನ್ನು ಬಾಯಿಪಾಠ ಹೇಳಿದ ಎಷ್ಟೋ ಜನರ ಬಳಿ ತೋರಿಸಲು ಒಂದು ಎಲ್‌ಪಿಯೂ ಇರಲಿಲ್ಲ.

ಕಪಾಟಿನ ತೀರ್ಪು ಪೂರ್ತಿ ಹುಸಿಯೇನಲ್ಲ. ಮನಶ್ಶಾಸ್ತ್ರಜ್ಞರಾದ ಪೀಟರ್ ರೆಂಟ್‌ಫ್ರೋ ಮತ್ತು ಸ್ಯಾಮ್ ಗಾಸ್ಲಿಂಗ್ 2006ರ ಅಧ್ಯಯನದಲ್ಲಿ ಕೆಲವರ ಮೆಚ್ಚಿನ ಹತ್ತು ಹಾಡುಗಳನ್ನು ಅಪರಿಚಿತರಿಗೆ ಕೇಳಿಸಿ ಅವರ ಸ್ವಭಾವ ಊಹಿಸಲು ಹೇಳಿದರು. ಹೊಸತಕ್ಕೆ ತೆರೆದುಕೊಳ್ಳುವ ಗುಣದ ವಿಷಯದಲ್ಲಿ ಊಹೆ ಚೆನ್ನಾಗಿ ಹೊಂದಿಬಂತು. ಅಲ್ಲಿ ಅಪರಿಚಿತರ ಮುಂದಿದ್ದದ್ದು ಕೊಂಡ ತಟ್ಟೆಗಳಲ್ಲ, ಆಯ್ದ ಹಾಡುಗಳು ಎಂಬುದು ಗಮನಿಸಬೇಕಾದ್ದು.

ಕಂಪ್ಯೂಟರಿಗೆ ಹಾಡು ಬಂದಮೇಲೂ ಅಭ್ಯಾಸ ಬಿಡಲಿಲ್ಲ. ಕಚೇರಿಯೊಂದರ ನೌಕರರು ಐಟ್ಯೂನ್ಸ್‌ನಲ್ಲಿ ಪರಸ್ಪರರ ಹಾಡಿನ ಪಟ್ಟಿ ನೋಡುವ ಬಗೆಯನ್ನು 2005ರಲ್ಲಿ ಅಭ್ಯಸಿಸಿದ ಸಂಶೋಧಕರಿಗೆ, ಸಹೋದ್ಯೋಗಿಗಳು ಏನೆಂದುಕೊಂಡಾರೆಂದು ಯೋಚಿಸಿ ತಮ್ಮ ಸಂಗ್ರಹವನ್ನು ತಿದ್ದಿಕೊಳ್ಳುವವರು ಕಂಡರು. ಸ್ಪಾಟಿಫೈ 2016ರಿಂದ ವರ್ಷದ ಕೊನೆಗೆ ಕೊಡುವ ‘ರ‍್ಯಾಪ್ಡ್’ ಪಟ್ಟಿಯಲ್ಲಿ ಲೆಕ್ಕಕ್ಕೆ ಬರುವುದು ಕೇಳಿದ್ದು ಮಾತ್ರ; ಅದಕ್ಕೇ ಕದ್ದು ಕೇಳಲು ಖಾಸಗಿ ವ್ಯವಸ್ಥೆಯನ್ನು ಬಳಸುವವರಿದ್ದಾರೆ. ಇತ್ತ ಎಲ್‌ಪಿಯೂ ಮರಳಿದೆ: 2022ರಲ್ಲಿ ಅಮೆರಿಕದಲ್ಲಿ ಸುಮಾರು 4.1 ಕೋಟಿ ವಿನೈಲ್ ತಟ್ಟೆಗಳು ಮಾರಾಟವಾಗಿ, 3.3 ಕೋಟಿ ಸಿಡಿಗಳನ್ನು ಹಿಂದಿಕ್ಕಿದವು. ಲ್ಯೂಮಿನೇಟ್ ಸಂಸ್ಥೆಯ ಸಮೀಕ್ಷೆಯ ಪ್ರಕಾರ ಅಲ್ಲಿ ವಿನೈಲ್ ಕೊಳ್ಳುವವರಲ್ಲಿ ಸುಮಾರು ಅರ್ಧದಷ್ಟು ಜನರ ಬಳಿ ಅದನ್ನು ನುಡಿಸುವ ಪ್ಲೇಯರ್ ಇಲ್ಲ.