ಚಳಿಯಲ್ಲಿ ತಂಪು ಯಂತ್ರವೇಕೆ?

ನವೆಂಬರ್ ತಿಂಗಳ ಒಂದು ಬೆಳಗು. ಮಗನ ಸಂಸಾರವನ್ನು ನೋಡಲೆಂದು ಮೈಸೂರಿನಿಂದ ಅಮೆರಿಕದ ಷಿಕಾಗೋ ನಗರಕ್ಕೆ ಹೋದ ತಾಯಿಯೊಬ್ಬರು ಶಾಲು ಹೊದ್ದು ಕಾರಿನಲ್ಲಿ ಕುಳಿತಿದ್ದಾರೆಂದು ಭಾವಿಸಿಕೊಳ್ಳಿ. ಹೊರಗೆ ಜಿನುಗುಮಳೆ, 10 ಡಿಗ್ರಿಯ ಚಳಿ. ನೋಡನೋಡುತ್ತಿರುವಂತೆಯೇ ಮುಂದಿನ ಗಾಜಿಗೆ ಮಬ್ಬು ಕವಿಯುತ್ತದೆ. ಮಗ ಗುಂಡಿಯೊಂದನ್ನು ಒತ್ತುತ್ತಾನೆ. ಏರ್‌ಕಂಡೀಷನ್ ದೀಪ ಹೊತ್ತಿಕೊಳ್ಳುತ್ತದೆ. “ಇಷ್ಟು ಚಳಿಯಲ್ಲಿ ತಂಪು ಯಂತ್ರ ಏಕಪ್ಪಾ?” ಎಂದು ತಾಯಿ ಕೇಳಿದರೆ ಆಶ್ಚರ್ಯವೇನು?

ಉತ್ತರ ಅವರ ಅಡಿಗೆಮನೆಯಲ್ಲಿಯೇ ಇದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಅದರ ಒಳಮೈಯಲ್ಲಿ ನೀರಹನಿಗಳು ಕಾಣುತ್ತವೆಯಲ್ಲವೆ? ಆವಿಯು ತಣ್ಣನೆಯ ಮೈಯನ್ನು ಸೋಕಿದೊಡನೆ ನೀರಾಗುತ್ತದೆ. ಕಾರಿನಲ್ಲಿ ನಮ್ಮ ಉಸಿರು, ನೆನೆದ ಕೊಡೆ, ಒದ್ದೆ ಬಟ್ಟೆಗಳು ಆವಿಯನ್ನು ಒದಗಿಸುತ್ತವೆ. ಗಾಜು ಮುಚ್ಚಳದಂತೆ ವರ್ತಿಸುತ್ತದೆ.

ಬರಿಯ ಬಿಸಿಗಾಳಿ ಸಾಲದೆ? ಸಾಕಾಗಬಹುದು, ಆದರೆ ಗಾಳಿಯಲ್ಲಿಯೇ ತೇವ ತುಂಬಿರುವಾಗ ಮಬ್ಬು ಬೇಗ ಕರಗದು. ಗಂಟೆಗೆ 60 ಕಿಲೋಮೀಟರು ವೇಗದ ಕಾರು ಮೂರು ಸೆಕೆಂಡುಗಳಲ್ಲಿ 50 ಮೀಟರು ಸಾಗುತ್ತದೆ. ದಾರಿ ಕಾಣದೆ ಅಷ್ಟು ದೂರ ಹೋಗುವುದೆಂದರೆ ಪ್ರಾಣದೊಡನೆ ಆಟವಾಡಿದಂತೆಯೇ ಸರಿ.

20 ಡಿಗ್ರಿಯ ಒಂದು ಘನಮೀಟರು ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. 3 ಡಿಗ್ರಿಗೆ ತಂಪಾದರೆ ಸುಮಾರು 6 ಗ್ರಾಂ ಮಾತ್ರ. ಯಂತ್ರದ ಗುಟ್ಟು ಇದೇ. ಗಾಳಿಯು ಮೊದಲು ತಂಪು ಕೊಳವೆಗಳನ್ನು ಹಾದು ನೀರನ್ನು ಅಲ್ಲಿ ಬಿಡುತ್ತದೆ. ಆ ನೀರು ಕಾರಿನಡಿ ತೊಟ್ಟಿಕ್ಕುತ್ತದೆ. ಬಳಿಕ ಗಾಳಿ ಎಂಜಿನ್ನಿನ ಬಿಸಿ ದ್ರವ ಹರಿಯುವ ಕೊಳವೆಗಳಿಂದ ಕಾವು ಪಡೆಯುತ್ತದೆ. ಹೀಗೆ ಒಣಗಿ ಬಿಸಿಯಾದ ಗಾಳಿ ಗಾಜಿನ ತೇವವನ್ನು ಬಾಯಾರಿದವನಂತೆ ಹೀರಿಬಿಡುತ್ತದೆ.

ನೀರು ಹೆಪ್ಪುಗಟ್ಟುವಷ್ಟು ಚಳಿಯಾದಾಗ ಬಹುಪಾಲು ಕಾರುಗಳಲ್ಲಿ ತಂಪು ಯಂತ್ರ ತಾನಾಗಿಯೇ ನಿಲ್ಲುತ್ತದೆ. ಆಗ ಹೊರಗಿನ ಗಾಳಿಯಲ್ಲಿ ತೇವವೇ ಅತ್ಯಲ್ಪ; ಅದನ್ನು ಕಾಯಿಸಿದರೆ ಸಾಕು.

ನಮ್ಮ ಆಗುಂಬೆ, ಚಾರ್ಮಾಡಿ ಘಾಟಿಗಳ ಮಳೆಗಾಲದಲ್ಲಿಯೂ ಈ ಉಪಾಯ ಫಲಿಸುತ್ತದೆ. ಆದರೆ ಅತಿ ತಂಪು ಗಾಳಿಯನ್ನು ಗಾಜಿಗೆ ಬಿಟ್ಟರೆ ಅದರ ಹೊರಮೈ ಬೆವರೀತು; ಆಗ ವೈಪರ್ ಆಡಿಸಿ, ಗಾಳಿಯನ್ನು ತುಸು ಬೆಚ್ಚಗೆ ಮಾಡಬೇಕು.

ಇನ್ನೊಂದು ಸೋಜಿಗ: 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು ಈ ಬಗೆಯ ಯಂತ್ರವನ್ನು ರೂಪಿಸಿದುದು ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕಾಗಿ. ತೇವದಿಂದ ಕಾಗದ ಹಿಗ್ಗಿ ಬಣ್ಣಗಳು ಸ್ಥಾನ ತಪ್ಪುತ್ತಿದ್ದುವು. ಗಾಳಿಯ ತೇವವನ್ನು ಹದ್ದಿನಲ್ಲಿಡುವುದೇ ಅದರ ಮೊದಲ ಉದ್ಯೋಗ; ಚಳಿಗಾಲದ ಕಾರಿನಲ್ಲಿ ಅದು ತನ್ನ ಹಳೆಯ ಕಸುಬನ್ನೇ ಮಾಡುತ್ತಿದೆ.