ಕೈಗೆ ಸಿಕ್ಕಿದ್ದು ತಲೆಗೂ ಸಿಗುತ್ತದೆ: ಒಂದರಿಂದ ಮೂರನೇ ತರಗತಿಯ ಕಲಿಕೆಯ ಬಗ್ಗೆ

ನಮ್ಮ ಕರಾವಳಿಯಲ್ಲಿ ಮಳೆಗಾಲವೂ ಶಾಲೆಯೂ ಹೆಚ್ಚುಕಡಿಮೆ ಒಟ್ಟಿಗೇ ಆರಂಭವಾಗುತ್ತವೆ. ಹೊಸ ಕೊಡೆ, ಹೊಸ ಚೀಲದೊಂದಿಗೆ ಒಂದನೇ ತರಗತಿಗೆ ಬಂದ ಮಗು ಮೊದಲ ತಿಂಗಳಿನಲ್ಲಿ ಏನು ಮಾಡುತ್ತದೆ? ಅನೇಕ ಶಾಲೆಗಳಲ್ಲಿ ಇದಕ್ಕೆ ಉತ್ತರ ಒಂದೇ. ಕರಿಹಲಗೆಯಲ್ಲಿ ಇರುವುದನ್ನು ಪುಸ್ತಕಕ್ಕೆ ಇಳಿಸುತ್ತದೆ. ಪುಟ ತುಂಬುತ್ತದೆ, ಕೆಂಪು ಶಾಯಿಯ ಗುರುತು ಬೀಳುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಅದೇ ಮಗುವಿಗೆ ತಾನು ಬರೆದ ಸಾಲನ್ನು ಓದಲು ಹೇಳಿ ನೋಡಿ. ಅಕ್ಷರದ ಚಿತ್ರ ಬಿಡಿಸಲು ಅದಕ್ಕೆ ಬಂದಿದೆ, ಅಕ್ಷರ ಬಂದಿಲ್ಲ. ಈ ವ್ಯತ್ಯಾಸ ಬೆಳಕಿಗೆ ಬರುವುದು ನಾಲ್ಕನೆಯ ಅಥವಾ ಐದನೆಯ ತರಗತಿಯಲ್ಲಿ. ಆಗ ತಪ್ಪು ಮಗುವಿನ ತಲೆಯ ಮೇಲೆ ಬೀಳುತ್ತದೆ.

ಈ ವಿಷಯ ನಮ್ಮ ಧರ್ಮಪ್ರಾಂತ್ಯದ ಸಂಚಾಲಕರಿಗೆ, ಧರ್ಮಭಗಿನಿಯರಿಗೆ ಮತ್ತು ಶಿಕ್ಷಕರಿಗೆ ಹೊಸದೇನೂ ಅಲ್ಲ. ಚರ್ಚ್ ಆವರಣದಲ್ಲಿರುವ ಕನ್ನಡ ಮಾಧ್ಯಮದ ಅನುದಾನಿತ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಉಳಿದವರಲ್ಲಿ ಹೆಚ್ಚಿನವರು ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲದ ಮಕ್ಕಳು. ಅಂತಹ ಮಗುವಿಗೆ ಟ್ಯೂಷನ್ ಇಲ್ಲ. ಶಾಲೆಯಲ್ಲಿ ಕಲಿತರೆ ಕಲಿತಂತೆ, ಇಲ್ಲವಾದರೆ ಇಲ್ಲ. ಆದ್ದರಿಂದ ಚಟುವಟಿಕೆಯ ಮೂಲಕ ಕಲಿಸುವುದೆಂದರೆ ಶಾಲಾ ವಾರ್ಷಿಕೋತ್ಸವದ ಅಲಂಕಾರ ಎಂದು ತಿಳಿಯಬಾರದು.

ಮೊದಲು ಭಾಷೆಯ ವಿಚಾರ. ನಮ್ಮ ಒಂದನೇ ತರಗತಿಯ ಒಂದೇ ಬೆಂಚಿನಲ್ಲಿ ಕೊಂಕಣಿ, ತುಳು, ಬ್ಯಾರಿ ಮನೆಮಾತಿನ ಮಕ್ಕಳು ಕುಳಿತಿರುತ್ತಾರೆ. ಕನ್ನಡ ಅವರಿಗೆ ಪಾಠದ ಭಾಷೆಯೇ ಹೊರತು ಅಮ್ಮನ ಭಾಷೆಯಲ್ಲ. ಕೊಂಕಣಿಯ ಮಗುವಿಗೆ ಮನೆ ಎಂದರೆ ‘ಘರ್’, ತುಳು ಮಗುವಿಗೆ ‘ಇಲ್ಲ್’. ಬೆಕ್ಕು ಒಬ್ಬನಿಗೆ ‘ಮಾಜರ್’, ಇನ್ನೊಬ್ಬಳಿಗೆ ‘ಪುಚ್ಚೆ’. ಟೀಚರ್ ‘ಇಲ್ಲ’ ಎಂದಾಗ ತುಳು ಮಗುವಿನ ಕಿವಿಗೆ ಮನೆಯೇ ಕೇಳಿಸಿದರೆ ಅಚ್ಚರಿಯಿಲ್ಲ. ಅದರ ‘ಇಲ್ಲ’ಕ್ಕೆ ‘ಇಜ್ಜಿ’ ಎಂಬ ಬೇರೆಯೇ ಶಬ್ದವಿದೆ. ತುಳುವಿನ ಸ್ವಂತ ಶಬ್ದಗಳಲ್ಲಿ ಮಹಾಪ್ರಾಣ ಇಲ್ಲವೆನ್ನಬಹುದು. ಆದ್ದರಿಂದ ‘ಧನ’, ‘ದನ’ ಎರಡೂ ಒಂದೇ ಎಂದು ಬರೆಯುವ ಮಗು ದಡ್ಡ ಮಗುವಲ್ಲ, ಅದು ಕೇಳಿದ್ದನ್ನೇ ಬರೆದಿದೆ.

ಇದಕ್ಕೆ ದೊಡ್ಡ ಪರಿಹಾರವೇನೂ ಬೇಡ. ಮೊದಲ ಕೆಲವು ವಾರ ಬರವಣಿಗೆಯನ್ನು ಬದಿಗಿಟ್ಟು ಮಾತಾಡಿಸಬೇಕು. ಒಂದು ಬುಟ್ಟಿಯಲ್ಲಿ ತೆಂಗಿನ ಗೆರಟೆ, ಎಲೆ, ಬೀಜ, ಚಮಚ, ಹಗ್ಗದ ತುಂಡು ಹಾಕಿಡಿ. ಮಗು ಕಣ್ಣು ಮುಚ್ಚಿ ಒಂದನ್ನು ಮುಟ್ಟಲಿ. ತನ್ನ ಮನೆಮಾತಿನಲ್ಲಿ ಅದರ ಹೆಸರು ಹೇಳಲಿ, ಪಕ್ಕದವಳು ಅವಳ ಮಾತಿನಲ್ಲಿ ಹೇಳಲಿ, ಕೊನೆಗೆ ಎಲ್ಲರೂ ಕನ್ನಡದಲ್ಲಿ ಹೇಳಲಿ. ವಸ್ತು ಕೈಯಲ್ಲಿದ್ದಾಗ ಹೊಸ ಶಬ್ದಕ್ಕೆ ನಿಲ್ಲಲು ಒಂದು ಜಾಗ ಸಿಗುತ್ತದೆ. ಶಾಲೆಯಲ್ಲಿ ಮನೆಮಾತು ಆಡಿದರೆ ದಂಡ ಹಾಕುವ ಕ್ರಮ ಎಲ್ಲಿಯಾದರೂ ಉಳಿದಿದ್ದರೆ ಅದನ್ನು ಈ ವರ್ಷವೇ ಬಿಡುವುದು ಒಳ್ಳೆಯದು.

ಅಕ್ಷರ ಕಲಿಸುವ ವಿಚಾರದಲ್ಲಿ ನಮ್ಮ ರಾಜ್ಯದ್ದೇ ಆದ ಒಂದು ಅನುಭವವಿದೆ, ಅದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಇದು ಆರಂಭವಾಯಿತು. ಅದಕ್ಕೆ ಪ್ರೇರಣೆ ದೊರೆತದ್ದು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯಲ್ಲಿ. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಪಾಠಗಳನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು ಕಲಿಸುವ ವಿಧಾನವನ್ನು ರೂಪಿಸಿದ್ದರು. ನಮ್ಮ ಶಿಕ್ಷಕರು ಅದನ್ನು ಹೋಗಿ ನೋಡಿ ಬಂದು ಕನ್ನಡಕ್ಕೆ ಹೊಂದುವಂತೆ ತಾವೇ ಕಾರ್ಡುಗಳನ್ನು ತಯಾರಿಸಿದರು. 2009-10ರಲ್ಲಿ ಸರ್ಕಾರ ಇದನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ, ಮುಂದಿನ ವರ್ಷ ಮೂರನೆಯದಕ್ಕೂ ವಿಸ್ತರಿಸಿತು.

ನಲಿ-ಕಲಿಯಲ್ಲಿ ಅಕ್ಷರಗಳು ‘ಅ ಆ ಇ ಈ’ ಎಂದು ಬರುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಇದೇನು ವಿಚಿತ್ರ ಎಂದು ಹಿರಿಯರು ಕೇಳುವುದುಂಟು. ಆದರೆ ಈ ಐದು ಅಕ್ಷರ ಬಂದ ಕೂಡಲೇ ಮಗು ಸರ, ದರ, ರಸ, ಅರಸ, ಅಗಸ, ದಸರ ಎಂದು ಓದಬಲ್ಲದು. ವರ್ಣಮಾಲೆಯ ಕ್ರಮದಲ್ಲಿ ಹೋದರೆ ಅ ಆ ಇ ಈ ಉ ಊ ಕಲಿತ ಮಗುವಿಗೆ ಓದಲು ಒಂದು ಪದವೂ ಸಿಗುವುದು ಕಷ್ಟ. ತಿಂಗಳುಗಟ್ಟಲೆ ದುಡಿದರೂ ಕೈಗೆ ಕೂಲಿ ಬರದಂತೆ ಅದು. ಐದೈದು ಅಕ್ಷರಗಳಿಗೆ ಒಮ್ಮೆ ಪದ ಕಟ್ಟುವ ಸಂತೋಷ ಸಿಕ್ಕಿದರೆ ಮಗು ಮುಂದಿನ ಐದನ್ನು ತಾನಾಗಿ ಕೇಳುತ್ತದೆ. ಮುಂದಿನ ಗುಂಪು ಜ, ವ, ಮ, ಬ, ನ. ಈಗ ಮರ, ವನ, ಜನ, ಬಸವ ಎಲ್ಲವೂ ಬಂತು. ಹಳೆಯ ವರ್ಣಮಾಲೆಯನ್ನು ಬಿಡಬೇಕೆಂದಲ್ಲ, ಅದನ್ನು ಹಾಡಾಗಿ ಬಾಯಿಪಾಠ ಮಾಡಿಸಬಹುದು. ಓದಿಗೆ ಮಾತ್ರ ಆ ಕ್ರಮ ಬೇಡ.

ನಮ್ಮ ಶಾಲೆಗಳಲ್ಲಿ ಇದನ್ನು ಮಾಡಲು ಹಳೆಯ ಆಮಂತ್ರಣ ಪತ್ರಗಳ ದಪ್ಪ ಕಾಗದ ಸಾಕು. ಒಂದೊಂದು ತುಂಡಿನಲ್ಲಿ ಒಂದೊಂದು ಅಕ್ಷರ. ಮಕ್ಕಳು ನೆಲದಲ್ಲಿ ಕುಳಿತು ಪದ ಜೋಡಿಸಲಿ, ಜೋಡಿಸಿದ್ದನ್ನು ಗಟ್ಟಿಯಾಗಿ ಓದಲಿ, ಆಮೇಲೆ ಮಾತ್ರ ಬರೆಯಲಿ. ಬರೆಯುವುದಕ್ಕೂ ಮೊದಲು ಮರಳು. ಹಿಂದೆ ಐಗಳ ಮಠಗಳಲ್ಲಿ ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಪೆನ್ಸಿಲ್ ಹಿಡಿಯಲು ಬೆರಳಿಗೆ ಇನ್ನೂ ಬಲ ಬಾರದ ಮಗುವಿಗೆ ಅಕ್ಷರದ ತಿರುವು ಕೈಗೆ ಅಭ್ಯಾಸವಾಗುವುದು ಹೀಗೆಯೇ. ಮರಳಿನಲ್ಲಿ ತಪ್ಪಿದರೆ ಒರೆಸಿ ಬಿಟ್ಟರಾಯಿತು, ಪುಸ್ತಕದಲ್ಲಿ ತಪ್ಪಿದರೆ ರಬ್ಬರು ಉಜ್ಜಿ ಹಾಳೆ ಹರಿದು ಅಳು.

ಇದೇ ತತ್ವವನ್ನು ಮಾರಿಯಾ ಮಾಂಟೆಸ್ಸರಿ ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ಮಾಡಿದರು. ಈ ಇಟಾಲಿಯನ್ ವೈದ್ಯೆ, ಕಥೋಲಿಕ ಮಹಿಳೆ, ರೋಮಿನ ಸಾನ್ ಲೊರೆನ್ಸೊ ಎಂಬ ಬಡವರ ಬಡಾವಣೆಯಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದದ್ದು 1907ರ ಜನವರಿ 6ರಂದು, ಮೂವರು ಜ್ಞಾನಿಗಳ ಹಬ್ಬದ ದಿನ. 1939ರಲ್ಲಿ ಭಾರತಕ್ಕೆ ಬಂದವರು ಯುದ್ಧದ ಕಾರಣದಿಂದ 1946ರವರೆಗೆ ಇಲ್ಲಿಯೇ ಉಳಿದರು, ಕೊಡೈಕೆನಾಲ್‌ನಲ್ಲಿಯೂ ಇದ್ದರು. ಅವರ ಮೊದಲ ಶಾಲೆಗೆ ಬಂದವರು ಕೂಲಿಕಾರರ ಮಕ್ಕಳು ಎಂಬುದನ್ನು ನಾವು ಮರೆತಿದ್ದೇವೆ. ಇಂದು ಆ ಹೆಸರು ಶುಲ್ಕ ಹೆಚ್ಚಿಸಲು ಬಳಕೆಯಾಗುವುದೇ ಹೆಚ್ಚು. ಹೊರಗಿನ ಫಲಕದಲ್ಲಿ ಮಾಂಟೆಸ್ಸರಿ, ಒಳಗೆ ಮೂರು ವರ್ಷದ ಮಗುವಿನಿಂದ ಎ ಬಿ ಸಿ ಡಿ ಕಾಪಿ!

ಇನ್ನು ಗಣಿತ. ನನ್ನ ಅಭಿಪ್ರಾಯದಲ್ಲಿ ಕೈಕೆಲಸದ ಅಗತ್ಯ ಅತ್ಯಂತ ಹೆಚ್ಚಾಗಿರುವುದು ಇಲ್ಲಿ. ಎರಡನೇ ತರಗತಿಯ ಮಗುವಿಗೆ 32ರಿಂದ 15 ಕಳೆಯಲು ಕೊಡಿ. ಅನೇಕ ಮಕ್ಕಳು 23 ಎಂದು ಬರೆಯುತ್ತಾರೆ. ಎರಡರಿಂದ ಐದು ಹೋಗುವುದಿಲ್ಲ, ಆದ್ದರಿಂದ ಐದರಿಂದ ಎರಡು ಕಳೆದು ಮೂರು, ಮೂರರಿಂದ ಒಂದು ಕಳೆದು ಎರಡು. ‘ದಶಕದಿಂದ ಸಾಲ ತೆಗೆದುಕೋ’ ಎಂದು ಟೀಚರ್ ನೂರು ಸಲ ಹೇಳಿದರೂ ಮರುದಿನ ಅದೇ ತಪ್ಪು. ಏಕೆಂದರೆ ಆ ಮಗುವಿಗೆ ‘32’ ಎಂಬುದು ಮೂರು ಮತ್ತು ಎರಡು ಎಂಬ ಎರಡು ಚಿತ್ರ, ಅಷ್ಟೇ.

ಹಿಡಿಸೂಡಿಯ ಕಡ್ಡಿಗಳನ್ನು ಬೆರಳುದ್ದಕ್ಕೆ ಕತ್ತರಿಸಿ. ಹತ್ತು ಹತ್ತು ಕಡ್ಡಿ ಎಣಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಲಿ. ಈ ಕಟ್ಟುವ ಕೆಲಸವನ್ನು ಮಗುವೇ ಮಾಡಬೇಕು, ಟೀಚರ್ ಮಾಡಿಟ್ಟರೆ ಅರ್ಧ ಲಾಭ ಹೋಯಿತು. ಈಗ 32 ಎಂದರೆ ಮೂರು ಕಟ್ಟು, ಎರಡು ಬಿಡಿ. ‘ನನಗೆ ಹದಿನೈದು ಕೊಡು’ ಎಂದು ಕೇಳಿ. ಒಂದು ಕಟ್ಟು ಕೊಡುತ್ತದೆ. ಇನ್ನು ಐದು ಬೇಕು, ಕೈಯಲ್ಲಿರುವ ಬಿಡಿ ಕಡ್ಡಿ ಎರಡೇ. ಇಲ್ಲಿ ಏನನ್ನೂ ಹೇಳದೆ ಸುಮ್ಮನೆ ಕಾಯಬೇಕು. ಸ್ವಲ್ಪ ಹೊತ್ತು ನೋಡಿ ಮಗು ತಾನೇ ಒಂದು ಕಟ್ಟಿನ ರಬ್ಬರ್ ಬಿಚ್ಚುತ್ತದೆ. ಈಗ ಬಿಡಿ ಹನ್ನೆರಡು, ಐದು ಕೊಟ್ಟರೆ ಏಳು, ಒಂದು ಕಟ್ಟು ಉಳಿದಿದೆ, ಹದಿನೇಳು. ‘ಸಾಲ’ ಎಂಬ ಶಬ್ದವೇ ಬೇಕಾಗಲಿಲ್ಲ. ಕೆಲವು ದಿನ ಹೀಗೆ ಮಾಡಿದ ನಂತರ ಅದೇ ಕೆಲಸವನ್ನು ಕಡ್ಡಿಯ ಚಿತ್ರ ಬರೆದು ಮಾಡಲಿ, ಆಮೇಲೆ ಅಂಕಿಯಲ್ಲಿ. ಕಡ್ಡಿಯಿಂದ ನೇರವಾಗಿ ಅಂಕಿಗೆ ಹಾರಿಸಿದರೆ ನಡುವೆ ಸೇತುವೆ ಇರುವುದಿಲ್ಲ.

ಎಣಿಕೆಗೆ ನಮ್ಮ ಚೆನ್ನೆಮಣೆಗಿಂತ ಒಳ್ಳೆಯ ಸಾಧನ ಪೇಟೆಯಲ್ಲಿ ಸಿಗದು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಒಂದು ಗುಳಿಗೆ ಒಂದೇ ಕಾಯಿ ಬಿಡುತ್ತಾ ಹೋಗುವಾಗ ಒಂದಕ್ಕೆ ಒಂದು ಎಂಬ ಎಣಿಕೆಯ ಮೂಲ ಪಾಠ ಆಗುತ್ತದೆ. ಆಡುತ್ತಾ ಆಡುತ್ತಾ ಮಗು ಎಣಿಸದೆಯೇ ಗುಳಿಯಲ್ಲಿ ಮೂರೋ ನಾಲ್ಕೋ ಎಂದು ಹೇಳತೊಡಗುತ್ತದೆ. ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಆದೀತು. ಕಾಯಿಗೆ ಮಂಜೊಟ್ಟಿ ಅಥವಾ ಹುಣಸೆ ಬೀಜ ಬಳಸಿ. ಗುಲಗಂಜಿ ಖಂಡಿತ ಬೇಡ, ಅದು ವಿಷ. ಯಾವ ಬೀಜವಾದರೂ ಮೂಗಿಗೆ ಹೋಗದಂತೆ ಕಣ್ಣಿಟ್ಟಿರಬೇಕು. ಆಟಿ ತಿಂಗಳಲ್ಲಿ ಮಾತ್ರ ಆಡುವ ಆಟವೆಂಬ ಪದ್ಧತಿ ಹಲವು ಮನೆಗಳಲ್ಲಿದೆ. ಆ ಮನೆಯವರಿಗೆ ಬೇಸರವಾಗುವುದಾದರೆ ಹೆಸರು ಬದಲಿಸಿ ಆಡಿಸಿ!

ಶಂಕರಪುರದ ಕಡೆಯ ಮಲ್ಲಿಗೆ ಬೆಳೆಯುವ ಮನೆಗಳ ಮಕ್ಕಳಿಗೆ ಗುಂಪಿನ ಲೆಕ್ಕ ಹುಟ್ಟಿನಿಂದಲೇ ಗೊತ್ತು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಗ್ಗೆ ಅಮ್ಮ, ಅಜ್ಜಿಯ ಜೊತೆ ಕುಳಿತು ಹೂ ಕಟ್ಟಿ ಬಂದ ಮಗು ಶಾಲೆಯಲ್ಲಿ ನಾಲ್ಕರ ಮಗ್ಗಿಯನ್ನು ಹೊಸ ವಿಷಯವೆಂಬಂತೆ ಬಾಯಿಪಾಠ ಮಾಡುವುದನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು. ಮೊಂತಿ ಹಬ್ಬದ ನೊವೆನಾ ದಿನಗಳಲ್ಲಿ ಮಕ್ಕಳು ಮಾತೆಯ ಮುಂದೆ ಅರ್ಪಿಸಲು ಹೂಗಳನ್ನು ತರುತ್ತಾರಲ್ಲ, ಆ ಹೂಗಳನ್ನು ಮೊದಲು ತರಗತಿಯಲ್ಲಿ ಬಣ್ಣದ ಪ್ರಕಾರ, ದಳಗಳ ಸಂಖ್ಯೆಯ ಪ್ರಕಾರ ವಿಂಗಡಿಸಿ ಎಣಿಸಬಹುದು. ಪರಿಸರ ಅಧ್ಯಯನವೂ ಆಯಿತು, ಗಣಿತವೂ ಆಯಿತು. ಹೂವಿಗೇನೂ ಕೊರತೆಯಾಗದು. ಯೇಸುಸ್ವಾಮಿ ದೇವರ ರಾಜ್ಯವನ್ನು ತಿಳಿಸಲು ಸಾಸಿವೆ ಕಾಳನ್ನು, ಹುಳಿಹಿಟ್ಟನ್ನು ಮುಂದಿಟ್ಟವರು. ನಮ್ಮ ಧರ್ಮೋಪದೇಶದ ತರಗತಿಗಳಿಗೂ ಇದರಲ್ಲಿ ಪಾಠವಿದೆ, ಅದು ಬೇರೆ ಲೇಖನದ ಮಾತು.

ಇಬ್ಬರು ಶಿಕ್ಷಕಿಯರು ಐದು ತರಗತಿ ನೋಡಿಕೊಳ್ಳುವ ಶಾಲೆಗಳಲ್ಲಿ ಇದೆಲ್ಲ ಹೇಗೆ ಸಾಧ್ಯ ಎಂಬ ಪ್ರಶ್ನೆ ಸಹಜ. ನಲಿ-ಕಲಿ ರೂಪುಗೊಂಡದ್ದೇ ಅಂತಹ ಶಾಲೆಗಳಿಗಾಗಿ. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಚಿತ್ರ ನೋಡಿ ತಿಳಿದು, ಆ ಚಿತ್ರದ ಕಾರ್ಡು ತೆಗೆದುಕೊಂಡು ಗುಂಪಿಗೆ ಹೋಗುತ್ತಾರೆ. ಒಂದು ಗುಂಪಿಗೆ ಟೀಚರ್ ಪೂರ್ತಿ ನೆರವು, ಇನ್ನೊಂದಕ್ಕೆ ಸ್ವಲ್ಪ, ಮತ್ತೆರಡು ಗುಂಪಿಗೆ ಗೆಳೆಯರ ನೆರವು, ಕೊನೆಯದು ತಾನಾಗಿ ಕಲಿಯುವ ಗುಂಪು. ಜ್ವರ ಬಂದು ಹತ್ತು ದಿನ ತಪ್ಪಿಸಿಕೊಂಡ ಮಗು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಮಳೆಗಾಲದಲ್ಲಿ ಹಳ್ಳ ತುಂಬಿ ಶಾಲೆ ತಪ್ಪಿಸಿಕೊಳ್ಳುವ ನಮ್ಮ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಹಾಗೆಂದು ನಲಿ-ಕಲಿಯನ್ನು ಕಣ್ಣುಮುಚ್ಚಿ ಹೊಗಳುವುದೂ ಸರಿಯಲ್ಲ. ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಬಯಸಿ ಕಟ್ಟಿದ್ದು, ಸುತ್ತೋಲೆಯಾಗಿ ರಾಜ್ಯಕ್ಕೆಲ್ಲ ಹೋದಾಗ ಅದೇ ಉತ್ಸಾಹ ಎಲ್ಲ ಕಡೆ ಇರಲು ಸಾಧ್ಯವಿರಲಿಲ್ಲ. ಕಾರ್ಡು ಹರಿದುಹೋದರೆ ಏಣಿ ಅಲ್ಲಿಗೇ ನಿಂತಿತು. ಮಗು ಕಾರ್ಡು ಮುಗಿಸುವುದೇ ಕಲಿಕೆ ಎಂದಾದಾಗ ಅದೂ ಕರಿಹಲಗೆಯ ಕಾಪಿಯ ಇನ್ನೊಂದು ರೂಪವಾಗುತ್ತದೆ. ಟೀಚರ್ ಕಡ್ಡಿ ಹಂಚಿ, ಮಕ್ಕಳು ಹೇಳಿದಷ್ಟು ಎಣಿಸಿ, ಕಡ್ಡಿ ವಾಪಸು ಕೊಟ್ಟರೆ ಕೈ ಆಡಿದೆ, ತಲೆ ಆಡಿಲ್ಲ. ‘ಹೇಗೆ ಮಾಡಿದೆ, ಹೇಳು ನೋಡೋಣ’ ಎಂಬ ಒಂದು ಪ್ರಶ್ನೆ ಇಲ್ಲದ ಚಟುವಟಿಕೆ ಬರೀ ಗದ್ದಲ.

ಕಾನೂನಿನ ಮಾತೂ ಇದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ಕಲಿಕೆ ನಡೆಯಬೇಕೆನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯಿಂದ ಹೊರಗಿಟ್ಟಿತು ನಿಜ. ಅದು ನಮ್ಮ ಆಡಳಿತದ ಹಕ್ಕಿಗೆ ಸಂಬಂಧಿಸಿದ್ದೇ ಹೊರತು, ಕಾಪಿ ಬರೆಸಲು ಕೊಟ್ಟ ಅನುಮತಿಯಲ್ಲ.

ಸಂಚಾಲಕರಲ್ಲಿ ಒಂದು ವಿನಂತಿ. ಶಾಲೆಯ ಬಜೆಟಿನಲ್ಲಿ ಒಂದನೇ ತರಗತಿಗಾಗಿ ಒಂದು ಸಣ್ಣ ಮೊತ್ತವನ್ನು ಬೇರೆಯಾಗಿ ಇಡಿ. ಚಾಪೆ, ದಪ್ಪ ಕಾಗದ, ಡಬ್ಬ, ರಬ್ಬರ್ ಬ್ಯಾಂಡ್ ಇವಕ್ಕೆ ಟೀಚರ್ ತಮ್ಮ ಕೈಯಿಂದ ಖರ್ಚು ಮಾಡುವಂತಾಗಬಾರದು. ಶಾಲೆಗೆ ಭೇಟಿ ಕೊಟ್ಟಾಗ ತರಗತಿ ಮೌನವಾಗಿದೆಯೇ ಎಂದು ನೋಡುವುದರ ಬದಲು ಒಂದು ಮಗುವಿನ ಪಕ್ಕ ಕುಳಿತು ಒಂದು ಸಾಲು ಓದಿಸಿ.

ಹೆತ್ತವರ ದೂರು ಸಾಮಾನ್ಯವಾಗಿ ಒಂದೇ: ‘ಫಾದರ್, ಪುಸ್ತಕದಲ್ಲಿ ಏನೂ ಬರೆಸಿಯೇ ಇಲ್ಲ, ಇಡೀ ದಿನ ಆಟ.’ ಇದಕ್ಕೆ ಭಾಷಣದಿಂದ ಉತ್ತರ ಕೊಡಲಾಗದು. ಜುಲೈಯ ಪೋಷಕರ ಸಭೆಯಲ್ಲಿ ಹೆತ್ತವರನ್ನು ಮಕ್ಕಳ ಚಾಪೆಯ ಮೇಲೆಯೇ ಕುಳ್ಳಿರಿಸಿ, ಅವರ ಮುಂದೆ ಐದು ಅಕ್ಷರದ ಕಾರ್ಡುಗಳನ್ನಿಟ್ಟು, ಅವರವರ ಮಗುವಿನಿಂದಲೇ ಪದ ಕಟ್ಟಿಸಿ ಓದಿಸಿ. ಇನ್ನೊಂದು ಮೂಲೆಯಲ್ಲಿ ಎರಡನೇ ತರಗತಿಯ ಮಗು ಅಪ್ಪನಿಂದ ಹದಿನೈದು ಕಡ್ಡಿ ಕೇಳಲಿ. ಅಪ್ಪ ಕಟ್ಟು ಬಿಚ್ಚುವವರೆಗೆ ಮಗು ಕಾಯಲಿ.