ಹರಿಪುರದ ಅರಿಸಿನದ ಹಗೇವು

ಸಾಂಗ್ಲಿಯ ಮಗ್ಗುಲಲ್ಲಿ, ಕೃಷ್ಣೆಯೂ ವಾರಣೆಯೂ ಸಂಗಮಿಸುವ ಹರಿಪುರದ ನೆಲದೊಳಗೆ, ಇಟ್ಟಿಗೆಯನ್ನಾಗಲಿ ಸಿಮೆಂಟನ್ನಾಗಲಿ ಬಯಸದೆ, ಕೇವಲ ಮಣ್ಣನ್ನು ಅಗೆದು ತೆಗೆಯುವುದರಿಂದಲೇ ನಿರ್ಮಿತವಾಗುವ ಒಂದು ವಾಸ್ತುಪ್ರಕಾರವುಂಟು. ಅದೇ ಅರಿಸಿನದ ಹಗೇವು.

ಬಾಯಿ ಒಬ್ಬಾಳು ಇಳಿಯುವಷ್ಟೇ ಕಿರಿದು, ಒಡಲು ಗಡಿಗೆಯಂತೆ ವಿಶಾಲ. ಒಳಗೋಡೆಗೆ ಸಗಣಿಯ ಸಾರಣೆ, ತಳಕ್ಕೆ ಕಬ್ಬಿನ ರವದಿ, ಅದರ ಮೇಲೆ ಹೊಂಬಣ್ಣದ ರಾಶಿ. ಬಾಯಿ ಮುಚ್ಚಿ ಮಣ್ಣೆಳೆದ ಬಳಿಕ ಒಳಗಿನ ಪ್ರಾಣವಾಯು ಕ್ರಮೇಣ ಕ್ಷೀಣಿಸುವುದರಿಂದ ಕೀಟಗಳು ಬದುಕಲಾರವು. ಸುತ್ತಣ ಭೂಮಿಯ ಸ್ಥಿರವಾದ ತಂಪಿನಲ್ಲಿ, ವಿದ್ಯುತ್ತಿನ ಹಂಗಿಲ್ಲದೆ, ವಿಷದ ಪುಡಿಯ ಸೋಂಕಿಲ್ಲದೆ, ಅರಿಸಿನವು ವರ್ಷಗಟ್ಟಲೆ ಬಣ್ಣಗೆಡದೆ ಉಳಿಯುವುದು. ಆದರೆ ಮತ್ತೆ ತೆರೆದಾಗ, ಗಾಳಿಯಾಡಲು ಬಿಟ್ಟಲ್ಲದೆ ಯಾರೂ ಒಳಗಿಳಿಯಲಾಗದು. ಅಲ್ಲಿ ಅವಸರವು ಪ್ರಾಣಾಂತಿಕ.

2005ರ ಮಹಾಪೂರವು ಅನೇಕ ಹಗೇವುಗಳನ್ನು ಹಾಳುಗೆಡವಿತು. ವ್ಯಾಪಾರವು ಗೋದಾಮುಗಳತ್ತ, ಶೀತಗೃಹಗಳತ್ತ ಸರಿಯಿತು. 2018ರಲ್ಲಿ ಸಾಂಗ್ಲಿಯ ಅರಿಸಿನಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿರಲು, ಅದನ್ನು ತಲೆಮಾರುಗಳಿಂದ ಕಾಪಾಡಿದ ಈ ನೆಲಮಾಳಿಗೆಗಳನ್ನೂ ಜತನಗೊಳಿಸುವುದು ನ್ಯಾಯವಲ್ಲವೆ?

ಮಿರಜಿಗೋ ಸಾಂಗ್ಲಿಗೋ ಹೋದಾಗ, ಹರಿಪುರದ ಸಂಗಮೇಶ್ವರನ ದರ್ಶನವಾದ ಮೇಲೆ, ಊರವರನ್ನು ಕೇಳಿ ಒಂದು ಹಗೇವನ್ನಾದರೂ ಕಂಡು ಬನ್ನಿರಿ.